ಅಣಬೆಯೋ, ಬೂಷ್ಟೋ?

ಡಬ್ಬಿಯಲ್ಲಿ ಮರೆತುಬಿಟ್ಟ ಬ್ರೆಡ್ ಚೂರನ್ನು ಎಂದಾದರೂ ನೋಡಿದ್ದೀರಾ ಮಕ್ಕಳೇ? ನಾಲ್ಕೈದು ದಿನಕ್ಕೆ ಅದರ ಮೇಲೆ ಬೂದುಬಣ್ಣದ ನವಿರು ಏಳುತ್ತದೆ. ಅಮ್ಮ "ಅಯ್ಯೋ, ಬೂಷ್ಟು ಬಂತು" ಎಂದು ಎಸೆಯುವ ಮೊದಲು, ಮುಟ್ಟದೆ, ಮೂಸದೆ, ಭೂತಗನ್ನಡಿ ಹಿಡಿದು ನೋಡಿ. ನೂಲಿಗಿಂತ ಸಣ್ಣ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಅಜ್ಜಿ ಬತ್ತಿ ಹೊಸೆಯಲು ಬಿಡಿಸಿಟ್ಟ ಹತ್ತಿಯ ಹಾಗೆ.

ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ಕೊಡೆ ಬಿಚ್ಚಿ ನಿಲ್ಲುತ್ತದಲ್ಲ ಅಣಬೆ, ಅದೂ ಈ ಬೂಷ್ಟಿನ ನೆಂಟನೇ! ಇಬ್ಬರೂ ಶಿಲೀಂಧ್ರ ಎಂಬ ದೊಡ್ಡ ಮನೆತನದವರು. ಅಣಬೆಯ ಬುಡದಲ್ಲಿ, ಮಣ್ಣಿನೊಳಗೆ, ಇಂಥವೇ ಎಳೆಗಳು ಹಬ್ಬಿರುತ್ತವೆ. ಬೂಷ್ಟಿಗೂ ಎಳೆಗಳಿವೆ, ಕೊಡೆ ಮಾತ್ರ ಇಲ್ಲ.

1967ರಲ್ಲಿ ಇಂಗ್ಲೆಂಡಿನ ಮಾರ್ಲೋ ಎಂಬ ಊರಿನ ಮಣ್ಣಿನಲ್ಲಿ ಇಂಥ ಒಂದು ಶಿಲೀಂಧ್ರ ಸಿಕ್ಕಿತು. ಅದರಲ್ಲಿ ಬೇಳೆಯಲ್ಲಿರುವಂತೆ ಪ್ರೋಟೀನು ಚೆನ್ನಾಗಿತ್ತು. ತಿಂದರೆ ಅಪಾಯವಿಲ್ಲವೇ ಎಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. 1985ರಲ್ಲಿ ಅದು 'ಕ್ವಾರ್ನ್' ಎಂಬ ಹೆಸರಿನಲ್ಲಿ, ಮಾಂಸದ ಬದಲಿಗೆ ತಿನ್ನುವ ಆಹಾರವಾಗಿ ಅಂಗಡಿಗೆ ಬಂತು.

ಶಿಲೀಂಧ್ರ ಮಾಂಸದ ಹಾಗೆ ಆಗುವುದು ಹೇಗೆ? ಬಹುಮಹಡಿ ಕಟ್ಟಡದಷ್ಟು ಎತ್ತರದ ಒಂದು ಹಂಡೆಯನ್ನು ಊಹಿಸಿಕೊಳ್ಳಿ. ಒಳಗೆ ಬೆಚ್ಚಗಿನ ಸಕ್ಕರೆ ನೀರು, ತಳದಿಂದ ಬುಳುಬುಳು ಏಳುವ ಗಾಳಿಗುಳ್ಳೆ. ಅದರಲ್ಲಿ ಎಳೆಗಳು ತೇಲುತ್ತಾ ಬೆಳೆಯುತ್ತವೆ. ಅವನ್ನು ಸೋಸಿ, ಅಂಟಿಕೊಳ್ಳಲೆಂದು ಮೊಟ್ಟೆಯ ಬಿಳಿಭಾಗ ಕಲಸಿ, ಬೇಯಿಸಿ, ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ನನಗೆ ತುಂಬ ಇಷ್ಟವಾದ ಘಟ್ಟ ಇದೇ! ಒಳಗಿನ ನೀರು ಐಸಿನ ಹರಳಾಗುತ್ತಾ ಎಳೆಗಳನ್ನು ಒತ್ತೊತ್ತಿ ಕಂತೆ ಮಾಡುತ್ತದೆ. ಕಚ್ಚಿದರೆ ಮಾಂಸದ ಹಾಗೆ ನಾರುನಾರು.

ತಕರಾರು ಎದ್ದದ್ದು ಪೊಟ್ಟಣದ ಮೇಲಿನ ಬರಹಕ್ಕೆ. ಮೊದಮೊದಲು ಇದನ್ನು "ಅಣಬೆ ಮೂಲದ್ದು" ಎಂದು ಹೇಳಿ ಮಾರುತ್ತಿದ್ದರು. ಬದನೆ, ಟೊಮ್ಯಾಟೊ, ಆಲೂಗಡ್ಡೆ ಒಂದೇ ಸಸ್ಯಕುಟುಂಬದವು, ಗೊತ್ತಾ? ಹಾಗೆಂದು ಯಾರಾದರೂ ಬದನೆಕಾಯಿಯನ್ನು "ಟೊಮ್ಯಾಟೊ ಮೂಲದ್ದು" ಎಂದು ನಿಮ್ಮ ಚೀಲಕ್ಕೆ ಹಾಕಿದರೆ? ನೆಂಟಸ್ತಿಕೆ ನಿಜ, ಸಾರು ಮಾತ್ರ ಬೇರೆಯೇ ಆಗುತ್ತದೆ.

ಕೆಲವರಿಗೆ ಇದನ್ನು ತಿಂದು ಅಲರ್ಜಿಯಾದದ್ದೂ ಉಂಟು. ಕೊನೆಗೆ ಅಮೆರಿಕದಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. 2017ರ ರಾಜಿಯಂತೆ, ಇದು ಶಿಲೀಂಧ್ರ ಕುಟುಂಬದ ಬೂಷ್ಟು ಎಂದೂ, ಅಪರೂಪಕ್ಕೆ ಅಲರ್ಜಿಯಾದದ್ದಿದೆ ಎಂದೂ ಪೊಟ್ಟಣದ ಮೇಲೆ ಬರೆಯಬೇಕಾಯಿತು. ನನ್ನನ್ನು ಕೇಳಿದರೆ ಬೂಷ್ಟು ಎನ್ನಲು ಅಷ್ಟು ನಾಚಿಕೆ ಬೇಕಿರಲಿಲ್ಲ. ನಮ್ಮ ಇಡ್ಲಿ ಹಿಟ್ಟನ್ನು ರಾತ್ರಿಯೆಲ್ಲಾ ಉಬ್ಬಿಸುವುದೂ ಕಣ್ಣಿಗೆ ಕಾಣದ ಜೀವಿಗಳೇ ತಾನೆ?

ಅಂದ ಹಾಗೆ, ಮೊಟ್ಟೆ ಕಲಸಿದ್ದು ನೆನಪಿದೆಯಲ್ಲ? ಮಾಂಸದ ಚೂರೂ ಇಲ್ಲದಿದ್ದರೂ, ನಮ್ಮ ದೇಶದ ನಿಯಮದ ಪ್ರಕಾರ ಅಂಥ ಪೊಟ್ಟಣಕ್ಕೆ ಹಸಿರು ಚುಕ್ಕೆ ಸಿಗುವುದಿಲ್ಲ, ಮಾಂಸಾಹಾರದ ಕಂದು ಗುರುತೇ ಬೀಳುತ್ತದೆ. ಆ ಗುರುತೂ ಮೊದಲು ದುಂಡಗಿನ ಚುಕ್ಕೆಯಾಗಿತ್ತು. ಹಸಿರು, ಕಂದು ಬಣ್ಣಗಳ ವ್ಯತ್ಯಾಸ ಕಾಣದ ಕಣ್ಣುಗಳಿಗೆ ಎರಡು ಚುಕ್ಕೆಗಳೂ ಒಂದೇ! ಅದಕ್ಕೇ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿದರು. ಮನೆಯಲ್ಲಿ ಬಿಸ್ಕತ್ತು, ಕೇಕಿನ ಪೊಟ್ಟಣಗಳಿದ್ದರೆ ತಿರುಗಿಸಿ ನೋಡಿ. ಯಾವುದರಲ್ಲಿ ಚುಕ್ಕೆ, ಯಾವುದರಲ್ಲಿ ತ್ರಿಕೋನ?