ಮಾರ್ತಳ ಕೈಕೆಲಸ, ಮಾರ್ತಳ ಮನಸ್ಸು



ಇಂದು ಜುಲೈ 29. ಸಂತ ಮಾರ್ತ, ಮರಿಯ ಹಾಗೂ ಲಾಜರರ ಸ್ಮರಣೆಯ ದಿನ. ಹಿಂದೆ ಈ ದಿನದಂದು ಮಾರ್ತಳೊಬ್ಬಳನ್ನೇ ಸ್ಮರಿಸುತ್ತಿದ್ದೆವು. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಒಂದೇ ಮನೆಯ ಈ ಮೂವರನ್ನೂ ಒಟ್ಟುಗೂಡಿಸಿದರು. ದುಡಿಯುವವಳೂ ಆಲಿಸುವವಳೂ ಈಗ ಜೊತೆಯಾಗಿದ್ದಾರೆ.

ಸಂತ ಲೂಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಮಾರ್ತಳನ್ನು ನೋಡಿ. ಕೈ ಉಪಚಾರದಲ್ಲಿ, ಕಣ್ಣು ಮರಿಯಳ ಮೇಲೆ, ಮನಸ್ಸು ದೂರಿನಲ್ಲಿ. ಪ್ರಭು ಅವಳ ಹೆಸರನ್ನು ಎರಡು ಸಲ ಕರೆಯುತ್ತಾರೆ. ಚದುರಿದ ಮನಸ್ಸನ್ನು ಒಂದೆಡೆಗೆ ತರಲು ಒಂದು ಕರೆ ಸಾಲದೇನೋ!

ಹಾಗಾದರೆ ಪ್ರಭು ಅವಳ ದುಡಿಮೆಯನ್ನು ಬೇಡವೆಂದರೇ? ಇಲ್ಲ. ಸಂತ ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯಕ್ಕೆ ಬನ್ನಿ. ಪಾಸ್ಕ ಹಬ್ಬಕ್ಕೆ 6 ದಿನ ಮುಂಚೆ ಬೆಥಾನಿಯದಲ್ಲಿ ಔತಣ. ಬಡಿಸುತ್ತಿರುವವಳು ಅದೇ ಮಾರ್ತಳು. ಮರಿಯಳು ಆಗಲೂ ಪ್ರಭುವಿನ ಪಾದಗಳ ಬಳಿಯಲ್ಲೇ. ಆದರೆ ಈ ಸಲ ಮಾರ್ತಳ ದೂರು ಕೇಳಿಬರುವುದಿಲ್ಲ. ಕೆಲಸ ಅದೇ, ಚದುರಿದ ಮನಸ್ಸು ಮಾತ್ರ ಕಾಣುವುದಿಲ್ಲ.

ಒಂದೇ ಸಮಯದಲ್ಲಿ ಹಲವು ಕೆಲಸ ಮಾಡಿದರೆ ಸಮಯ ಉಳಿಯುತ್ತದೆ ಎಂದು ನಾವು ತಿಳಿದಿದ್ದೇವೆ. ವಾಸ್ತವ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೇಯರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳುವಾಗಲೆಲ್ಲ ಸಮಯ ನಷ್ಟವಾಗುತ್ತದೆ. ಕೆಲಸ ಜಟಿಲವಾದಷ್ಟೂ ನಷ್ಟವೂ ಹೆಚ್ಚು. ಎರಡು ದೋಣಿಯಲ್ಲಿ ಕಾಲಿಟ್ಟವನು ದಡ ಸೇರುವುದಿಲ್ಲವೆಂದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು.

ಆದರೆ ನಾವು ಕಳೆದುಕೊಳ್ಳುವುದು ಬರೀ ನಿಮಿಷಗಳನ್ನೇ? ವಯಸ್ಸಾದ ತಾಯಿ ತನ್ನ ಮೊಣಕಾಲ ನೋವನ್ನು ಹೇಳುತ್ತಾಳೆ. ನಾವು ಮೊಬೈಲಿನಿಂದ ಕಣ್ಣೆತ್ತದೆ ‘ಹೂಂ’ಗುಟ್ಟುತ್ತೇವೆ. ಎರಡನೆಯ ಸಲ ಹೇಳುತ್ತಾಳೆ, ಮೂರನೆಯ ಸಲ ಸುಮ್ಮನಾಗುತ್ತಾಳೆ. ಮಗುವೂ ಹಾಗೆಯೇ. ನಾವು ಮನೆಯಲ್ಲೇ ಇದ್ದೆವು, ಆದರೆ ಅವರ ಬಳಿ ಇರಲಿಲ್ಲ. ಅವರು ಮಾತು ನಿಲ್ಲಿಸಿದ ಮೇಲೆ ನಮಗೆ ಬಿಡುವಾದರೆ ಏನು ಪ್ರಯೋಜನ?

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಒಂದು ನಿಯಮ ಬರೆದಿಟ್ಟರು. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು ಹೊರಡಬೇಕು. ಪ್ರಾರ್ಥನೆ ಮುಗಿದ ಮೇಲೆ ಮತ್ತೆ ದುಡಿಮೆ. ಎರಡಕ್ಕೂ ಅದರದರ ಹೊತ್ತು, ಎರಡಕ್ಕೂ ಪೂರ್ಣ ಮನಸ್ಸು.

ಪ್ರಿಯರೇ, ಈ ವಾರ ನಾವು ದೊಡ್ಡ ಸಂಕಲ್ಪ ಮಾಡುವುದು ಬೇಡ. ಊಟದ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಡೋಣ. ಯಾರಾದರೂ ಮಾತನಾಡಿಸಿದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಅವರ ಮುಖ ನೋಡೋಣ. ತಕ್ಷಣ ಬಿಡಲಾಗದ ಕೆಲಸವಿದ್ದರೆ, ‘ಹತ್ತು ನಿಮಿಷ ತಾಳಮ್ಮ, ಬರುತ್ತೇನೆ’ ಎಂದು ಹೇಳಿ, ಹೇಳಿದಂತೆ ಹೋಗೋಣ. ರೋಗಿಯ ಹಾಸಿಗೆಯ ಬಳಿ ಐದೇ ನಿಮಿಷ ಕುಳಿತರೂ ಆ ಐದು ನಿಮಿಷ ಅವರದೇ ಆಗಿರಲಿ.

ಈಗ ಬಲಿಪೀಠಕ್ಕೆ ರೊಟ್ಟಿ ದ್ರಾಕ್ಷಾರಸಗಳು ಬರಲಿವೆ. ಮನೆಯ ಒಲೆ, ನಾಳೆಯ ಸಾಲ, ಕಾಯುತ್ತಿರುವ ಕೆಲಸ ಎಲ್ಲವನ್ನೂ ಅವುಗಳೊಂದಿಗೆ ಅರ್ಪಿಸಿ, ಈ ಹೊತ್ತನ್ನು ಪೂರ್ತಿಯಾಗಿ ಪ್ರಭುವಿಗೆ ಕೊಡೋಣ. ಮಾರ್ತಳನ್ನು ಹೆಸರು ಹಿಡಿದು ಕರೆದ ಪ್ರಭು ನಮ್ಮ ಚದುರಿದ ಮನಸ್ಸುಗಳನ್ನೂ ಒಂದುಗೂಡಿಸಲಿ. ಆಮೆನ್.