ಆ ಮೀನುಗಳನ್ನು ಎಣಿಸಿದವರು ಯಾರು?

ಇಂದು ಪದವಿ ಪಡೆಯುತ್ತಿರುವ ತಮ್ಮಂದಿರೇ, ತಂಗಿಯರೇ, ಇವರ ಫೀಸಿಗಾಗಿ ಏನೇನು ಅಡವಿಟ್ಟೆವೆಂದು ಬಾಯಿಬಿಡದೆ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆತಾಯಂದಿರೇ,

ನಾನು ಸಭಾಪಾಲಕನಾದ ಹೊಸತರಲ್ಲಿ ಮಾಡಿದ ಒಂದು ಪ್ರಸಂಗದ ಕಥೆ ಹೇಳುತ್ತೇನೆ. ಕರಾವಳಿಯ ಸಣ್ಣ ಸಭೆ. ಈಸ್ಟರ್ ಕಳೆದು ಒಂದು ವಾರವಾಗಿತ್ತು. ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ಆರಿಸಿಕೊಂಡಿದ್ದೆ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಉಳಿದ ಶಿಷ್ಯರು, ನಸುಕಿನಲ್ಲಿ ದಡದ ಮೇಲೆ ನಿಂತ ಗುರುತು ಸಿಗದ ಮನುಷ್ಯ, ಅವನ ಮಾತಿನಂತೆ ದೋಣಿಯ ಬಲಗಡೆಗೆ ಬಲೆ ಹಾಕಿದಾಗ ಸಿಕ್ಕ 153 ದೊಡ್ಡ ಮೀನುಗಳು. ಆ 153ರ ಮೇಲೆಯೇ ಅರ್ಧ ಗಂಟೆ ಮಾತಾಡಿದೆ. ಒಂದರಿಂದ ಹದಿನೇಳರವರೆಗಿನ ಅಂಕಿಗಳನ್ನು ಕೂಡಿದರೆ 153 ಬರುತ್ತದೆ. ಹತ್ತು ಆಜ್ಞೆಗಳು, ಪವಿತ್ರಾತ್ಮನ ಏಳು ವರಗಳು, ಒಟ್ಟು ಹದಿನೇಳು ಎಂದು ಸಂತ ಅಗಸ್ಟೀನ ಲೆಕ್ಕ ಹಾಕಿದ್ದ. ಮೀನಿನ ಜಾತಿಗಳೇ ಅಷ್ಟು ಎಂಬ ದಾರಿ ಹಿಡಿದವನು ಜೆರೋಮ. ಕಲಿತದ್ದರಲ್ಲಿ ಒಂದನ್ನೂ ಬಿಡಲಿಲ್ಲ.

ಆರಾಧನೆ ಮುಗಿದ ಮೇಲೆ, ಮೀನು ಮಾರಿ ಮಕ್ಕಳನ್ನು ಸಾಕಿದ ಅಜ್ಜಿಯೊಬ್ಬರು ಬಾಗಿಲ ಬಳಿ ನಿಂತು ಹೇಳಿದರು: “ಅಯ್ಯನವರೇ, ಅದು ಪಾಲು ಮಾಡ್ಲಿಕ್ಕೆ ಎಣಿಸಿದ್ದು. ಎಣಿಸದೆ ಪಾಲು ಹೇಗೆ ಮಾಡುದು?”

ಮನೆಗೆ ಹೋಗಿ ಮತ್ತೆ ಓದಿದೆ. ದೋಣಿಯಲ್ಲಿದ್ದವರು ಏಳು ಮಂದಿ. ಏಳು ಇಪ್ಪತ್ತೊಂದಲೆ ನೂರ ನಲವತ್ತೇಳು. ಉಳಿಯುವುದು ಆರು. ದಡದಲ್ಲಿದ್ದವನು ಕೆಂಡದ ಮೇಲೆ ಆಗಲೇ ಮೀನು ಸುಡುತ್ತಿದ್ದರೂ, ನೀವು ಹಿಡಿದದ್ದರಲ್ಲಿ ಕೆಲವನ್ನೂ ತನ್ನಿ ಎಂದು ಕೇಳುತ್ತಾನೆ. ಆ ಆರು ಮೀನು ಎಲ್ಲಿಗೆ ಹೋದವೆಂದು ನಾನು ಊಹಿಸಿಕೊಂಡಿದ್ದೇನೆ. ಇದು ವ್ಯಾಖ್ಯಾನವಲ್ಲ, ನನ್ನ ಚಪಲ. ನಿಮ್ಮ ಗ್ರೀಕ್ ಅಧ್ಯಾಪಕರು ಕ್ಷಮಿಸಬೇಕು.

ಆದರೆ ಅಜ್ಜಿಯ ಮಾತು ಚಪಲದ್ದಲ್ಲ. ಸತ್ತು ಎದ್ದುಬಂದವನು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದಾನೆ. ಪೇತ್ರನಂತೂ ನೀರಿಗೆ ಹಾರಿಯೇ ಬಿಟ್ಟಿದ್ದಾನೆ. ಅಂಥ ಬೆಳಗಿನಲ್ಲೂ ಯಾರೋ ಒಬ್ಬರು ಬಲೆಯ ಪಕ್ಕದಲ್ಲಿ ಕುಳಿತು ಒಂದು, ಎರಡು, ಮೂರು ಎಂದು ಎಣಿಸಿದ್ದಾರೆ. ಸುವಾರ್ತೆ ಅವರ ಹೆಸರು ಹೇಳುವುದಿಲ್ಲ. ಆ ಲೆಕ್ಕವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದೆ.

ಪುನರುತ್ಥಾನದ ಕಥೆಗಳನ್ನೆಲ್ಲ ಒಟ್ಟಿಗೆ ಓದಿ ನೋಡಿ. ಮಗ್ದಲದ ಮರಿಯಳಿಗೆ ಯೇಸು ತೋಟದ ಮಾಲಿಯಂತೆ ಕಂಡ. ಎಮ್ಮಾವಿಗೆ ಹೊರಟ ಇಬ್ಬರಿಗೆ ಸುದ್ದಿಯೇ ತಿಳಿಯದ ದಾರಿಹೋಕ. ಇಲ್ಲಿ ಮೀನು ಸುಡುವವನು. ಮೂರೂ ಕಡೆ ಅವರ ಕಣ್ಣು ತಪ್ಪಿತು ಎಂದೇ ನಾವು ಪ್ರಸಂಗ ಮಾಡುತ್ತೇವೆ. ಅವರು ಪೂರ್ತಿ ತಪ್ಪಿದ್ದರೆಂದು ನನಗೆ ಅನ್ನಿಸುವುದಿಲ್ಲ; ಅವನು ಬಂದದ್ದು ನಿತ್ಯದ ಕೆಲಸದ ನಡುವೆಯೇ.

ನಿತ್ಯದ ಬದುಕಿನಲ್ಲಿ ದೇವರ ಪಾಠ ಹುಡುಕಿ ಎಂದು ನಿಮಗೆ ಇಲ್ಲಿ ಕಲಿಸಿದ್ದಾರೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಅದೊಂದು ಚಟವಾಗಿದೆ. ಕುಕ್ಕರ್ ಕೂಗಿದರೆ ಪಶ್ಚಾತ್ತಾಪ, ಮೊಬೈಲ್ ಚಾರ್ಜಿಗೆ ಹಾಕಿದರೆ ಪ್ರಾರ್ಥನೆ. ವಸ್ತುವನ್ನು ನೋಡುವ ಮೊದಲೇ ಪಾಠ ಸಿದ್ಧ. ಕರ್ತನ ಸಾಮ್ಯಗಳು ಹಾಗಿಲ್ಲ. ಹುಳಿಹಿಟ್ಟಿನ ಸಾಮ್ಯದಲ್ಲಿ ಆ ಹೆಂಗಸು ಕಲಸುವುದು ಮೂರು ಅಳತೆ ಹಿಟ್ಟು, ಅಂದರೆ ನೂರು ಜನರಿಗೆ ಸಾಲುವಷ್ಟು. ಹಿಟ್ಟು ನಾದುವವರ ತೋಳು ಎಷ್ಟು ಸೋಲುತ್ತದೆಂದು ಹತ್ತಿರದಿಂದ ನೋಡಿದವನ ಮಾತು ಅದು.

ಈಗ ನಮ್ಮದೇ ಚರಿತ್ರೆಗೆ ಬರೋಣ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಬಂದದ್ದು ಮಾತಾಡಲಿಕ್ಕೆ, ಸುವಾರ್ತೆ ಸಾರಲಿಕ್ಕೆ. ಸಾರಿದರು ಕೂಡ. ಆದರೆ ಅವರ ಪ್ರಸಂಗಗಳಲ್ಲಿ ಯಾವುದು ನಿಮಗೆ ಗೊತ್ತು? ಅವರಲ್ಲೊಬ್ಬರಾದ ಮೋಗ್ಲಿಂಗರನ್ನು ನಾಡು ನೆನೆಯುವುದು 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಗಾಗಿ, ಅವರು ಸಂಗ್ರಹಿಸಿ ಕಲ್ಲಚ್ಚಿನಲ್ಲಿ ಮುದ್ರಿಸಿದ ದಾಸರ ಪದಗಳಿಗಾಗಿ. ಅದೇ ಮಿಶನ್ನಿನ ಕಿಟೆಲ್ಲರು 1853ರಲ್ಲಿ ಬಂದರು. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂದು ಭಾಷೆಯ ಬೆನ್ನುಹತ್ತಿದ ಅವರ ರೀತಿ ಜೊತೆಗಾರ ಮಿಶನರಿಗಳಿಗೆ ಹಿಡಿಸಲಿಲ್ಲ. ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದರು. ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕೆಂದೇ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ವೈಯಾಕರಣ ಕೇಶಿರಾಜನ ಶಬ್ದಗಳೂ ಇವೆ, ಅಡುಗೆಮನೆಯ ಗಾದೆಗಳೂ ಇವೆ. ಪಂಡಿತರ ಪಕ್ಕದಲ್ಲಿ ಕುಳಿತು, ಇದಕ್ಕೆ ನೀವು ಏನನ್ನುತ್ತೀರಿ ಎಂದು ದಶಕಗಳ ಕಾಲ ಕೇಳಿದವರ ಕೆಲಸ ಅದು. ನನ್ನ ಕಣ್ಣಿಗೆ ಅವರೂ ಬಲೆಯ ಪಕ್ಕ ಕುಳಿತು ಎಣಿಸಿದವರೇ.

ಮಂಗಳೂರಿನ ಜೆಪ್ಪುವಿನಲ್ಲಿದ್ದ ಮಿಶನ್ನಿನ ಹಂಚಿನ ಕಾರ್ಖಾನೆಯ ಕಥೆ ಇಷ್ಟು ಸರಳವಲ್ಲ. ಅಂದು ದೀಕ್ಷಾಸ್ನಾನ ತೆಗೆದುಕೊಂಡವರನ್ನು ಜಾತಿ ಹೊರಗಿಡುತ್ತಿತ್ತು. ಮನೆ, ಗೇಣಿ, ಕುಲಕಸುಬು ಎಲ್ಲವೂ ಹೋಗುತ್ತಿತ್ತು. ಬೆಳಿಗ್ಗೆ ಸ್ನಾನ, ರಾತ್ರಿಯ ಗಂಜಿಗೆ ಏನು ಗತಿ? ಈ ಪ್ರಶ್ನೆಯಿಂದಲೇ ಮಿಶನ್ನಿನ ನೇಯ್ಗೆ ಹುಟ್ಟಿತು, 1865ರಲ್ಲಿ ಮಿಶನರಿ ಪ್ಲೆಬ್‌ಸ್ಟರ ಹಂಚೂ ಹುಟ್ಟಿತು. ನದಿದಂಡೆಯ ಆವೆಮಣ್ಣು ಒತ್ತಿನಲ್ಲಿ ಅಚ್ಚಾಗಿ, ಒಣಗಿ, ಗೂಡಿನಲ್ಲಿ ಸುಟ್ಟು ‘ಮಂಗಳೂರು ಹಂಚು’ ಆಯಿತು, ಕಡಲು ದಾಟಿತು. ಹೆಮ್ಮೆಪಡೋಣ. ಜೊತೆಗೆ ಇನ್ನೊಂದನ್ನೂ ನೋಡೋಣ: ಭಾನುವಾರ ರೊಟ್ಟಿ ಮುರಿದು ಕೊಡುವವರೂ ಶನಿವಾರ ಸಂಬಳ ಕೊಡುವವರೂ ಒಂದೇ ಮಿಶನ್ನಿನವರಾದಾಗ, ಕೂಲಿ ಕಡಿಮೆಯಾಯಿತೆಂದು ಕೆಲಸಗಾರ ಯಾರ ಮುಂದೆ ಹೇಳಬೇಕು? ಪಾಲಿನ ಲೆಕ್ಕ ದೋಣಿಯಲ್ಲಿದ್ದವರೆಲ್ಲರಿಗೂ ಕಾಣುವಂತೆ ಇರಬೇಕು. ಚರಿತ್ರೆಯಿಂದ ಪಾಠ ಕಲಿಯುವವರು ಇದನ್ನೂ ಕಲಿಯಬೇಕು. ಸಭೆಯ ಲೆಕ್ಕಪುಸ್ತಕ ನಾಳೆ ನಿಮ್ಮ ಕೈಗೇ ಬರುತ್ತದೆ.

ಹಂಚು ಹೊದಿಸುವ ಮೇಸ್ತ್ರಿ ಮಾಡಿನ ಮೇಲೆ ಇಡುವ ಮೊದಲು ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ಗಟ್ಟಿ ಹಂಚು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದರ ದನಿ ಮಂಕು. ಇದರಿಂದಲೂ ಒಂದು ಪಾಠ ತೆಗೆಯಲು ನನ್ನ ನಾಲಿಗೆ ತುರಿಸುತ್ತಿದೆ. ತೆಗೆಯುವುದಿಲ್ಲ. ಒಮ್ಮೆ ನೀವೇ ತಟ್ಟಿ ಕೇಳಿ.

ಇನ್ನು ಕೆಲವೇ ವಾರಗಳಲ್ಲಿ ನಿಮ್ಮಲ್ಲಿ ಕೆಲವರು ಗದಗ-ಬೆಟಗೇರಿಗೆ, ಕೆಲವರು ಕೊಡಗಿಗೆ, ಕೆಲವರು ಬೆಂಗಳೂರಿನ ಬಡಾವಣೆಗಳಿಗೆ ಹೋಗುತ್ತೀರಿ. ಒಂದೇ ಕೋರಿಕೆ. ಮೊದಲ ಪ್ರಸಂಗಕ್ಕೆ ಮುನ್ನ ಒಂದು ವಾರ ಬಾಯಿ ಮುಚ್ಚಿಕೊಂಡು ತಿರುಗಾಡಿ. ಮಗ್ಗದ ಮುಂದೆ ಕುಳಿತುಕೊಳ್ಳಿ, ಕಾಫಿ ತೋಟದಲ್ಲಿ ಆಳುಗಳ ಜೊತೆ ಬುತ್ತಿ ಬಿಚ್ಚಿ, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ತಂಗಿಯ ಜೊತೆ ಬಸ್ ನಿಲ್ದಾಣದವರೆಗೆ ನಡೆಯಿರಿ. ಯಾರಿಗೆ ಎಷ್ಟು ಪಾಲು ಬರುತ್ತದೆ, ಯಾರಿಗೆ ಬರುವುದೇ ಇಲ್ಲ, ಎಣಿಸಿ. ಆಮೇಲೆ ಸತ್ಯವೇದ ತೆರೆಯಿರಿ.

ನನ್ನ ಮಾತು ಉದ್ದವಾಯಿತು. ಹೊರಗೆ ಊಟ ಬಡಿಸಲು ಶುರುಮಾಡಿದ್ದಾರಂತೆ. ಮೀನೂ ಇದೆಯಂತೆ. ಬನ್ನಿ.