ಮೊದಲು ಸ್ಪಷ್ಟತೆ, ಆಮೇಲೆ ಸಮತೋಲ



ಮನೆಯಲ್ಲಿ ಹುಟ್ಟಿದ ಮಣೆಯಾಟಗಳ ನಿಯಮಗಳನ್ನು ತಿಳಿಗೊಳಿಸುವುದು ಮತ್ತು ತೂಗಿಸುವುದು ಈ ವಿಚಾರ ಸಂಕಿರಣದ ವಿಷಯ. ನಮ್ಮ ನಾಡಿಗೆ ಇದು ಹೊಸ ಕೆಲಸವೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಆಟಗಳನ್ನು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ ವಿವರ ಬರಹಕ್ಕಿಳಿದಿದೆ. ಅರಮನೆಯಲ್ಲಿ ಬರೆದಿಡುವವರಿದ್ದರು, ಜಗಲಿಯಲ್ಲಿ ಇರಲಿಲ್ಲ. ಚೌಕಾಬಾರ, ಹುಲಿ-ಕುರಿ, ಅಳಗುಳಿಮನೆ ಬಾಯಿಂದ ಬಾಯಿಗೆ ಬಂದವು. ಬಾಯಿಮಾತಿನ ನಿಯಮಕ್ಕೊಂದು ಅನುಕೂಲವಿದೆ: ತಕರಾರು ಎದ್ದರೆ ಅಜ್ಜಿ ತೀರ್ಪು ಕೊಡುತ್ತಾಳೆ. ಆಟ ಮನೆಯ ಹೊಸ್ತಿಲು ದಾಟಿದ ದಿನ ಅಜ್ಜಿ ಅದರ ಜೊತೆ ಹೋಗುವುದಿಲ್ಲ.

ಇಂದು ನಾನು ನಿಮ್ಮ ಮುಂದಿಡುವ ಮಾತು ಒಂದೇ. ನಿಯಮ ಸ್ಪಷ್ಟವಾಗುವ ತನಕ ಆಟದ ಸಮತೋಲವನ್ನು ಅಳೆಯಲು ಬರುವುದಿಲ್ಲ. ನಾವು ಮಾಡುವುದು ಸಾಮಾನ್ಯವಾಗಿ ಇದರ ತಿರುವುಮುರುವು. ‘ಹುಲಿಯ ಕೈ ಮೇಲಾಯಿತು, ಇನ್ನೆರಡು ಕುರಿ ಸೇರಿಸಿ’ ಅನ್ನುತ್ತೇವೆ. ಹುಲಿ ಏನೇನು ಮಾಡಬಹುದು ಎಂಬುದನ್ನು ಆಡಿದ ಇಬ್ಬರೂ ಒಂದೇ ರೀತಿ ತಿಳಿದಿದ್ದರೇ ಎಂದು ಕೇಳುವುದಿಲ್ಲ.

ಹುಲಿ-ಕುರಿಯನ್ನೇ ತೆಗೆದುಕೊಳ್ಳಿ. ದಕ್ಷಿಣದಲ್ಲಿ ಹೆಚ್ಚಾಗಿ ಕಾಣುವ ಮಣೆಯಲ್ಲಿ 23 ಬಿಂದು, 3 ಹುಲಿ, 15 ಕುರಿ. ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಬಿಂದುವಿಗೆ ಹುಲಿ ಇಳಿದರೆ ಕುರಿ ಸತ್ತಿತು. ಮೂರೂ ಹುಲಿ ಮಿಸುಕಾಡದಂತಾದರೆ ಕುರಿಗಳಿಗೆ ಗೆಲುವು. ಇಷ್ಟನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ತಕರಾರು ಇದರಾಚೆಗೆ. ಒಂದೇ ಸರದಿಯಲ್ಲಿ ಹುಲಿ ಬೆನ್ನುಬೆನ್ನಿಗೆ ಎರಡು ಕುರಿ ಹಾರಬಹುದೇ? ಅವಕಾಶವಿದ್ದರೆ ಹಾರಲೇಬೇಕೇ? ಕುರಿಗಳೆಲ್ಲ ಮಣೆಗಿಳಿಯುವ ಮುನ್ನ, ಇಳಿದ ಕುರಿ ನಡೆಯಬಹುದೇ? ಎಷ್ಟು ಕುರಿ ಸತ್ತರೆ ಆಟ ಮುಗಿಯಿತು? ಹಾರುವುದು ಕಡ್ಡಾಯ ಎಂದಿಟ್ಟುಕೊಳ್ಳಿ: ಕುರಿ ಆಡುವವರು ಒಂದನ್ನು ಬಲಿಕೊಟ್ಟು ಹುಲಿಯನ್ನು ಬೇಕಾದ ಮೂಲೆಗೆ ಎಳೆಯಬಲ್ಲರು. ಹಾರುವುದು ಹುಲಿಯ ಇಷ್ಟ ಎಂದರೆ ಆ ಉಪಾಯಕ್ಕೆ ಬಲವಿಲ್ಲ. ಕುರಿಯ ಸಂಖ್ಯೆ ಮುಟ್ಟದೆಯೇ ಬಲಾಬಲ ಬದಲಾಯಿತು.

ನೇಪಾಳದ ಬಾಘ್‌ಚಾಲ್ ಇದೇ ಕುಲದ ಆಟ: 25 ಬಿಂದು, 4 ಹುಲಿ, 20 ಮೇಕೆ. ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಇದು ಡ್ರಾ ಆಗುತ್ತದೆಂದು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಐದು ಮೇಕೆ ಸತ್ತರೆ ಹುಲಿ ಗೆದ್ದಂತೆ ಎಂದು ಗೆರೆ ಎಳೆದುಕೊಂಡೇ ಅವರು ಲೆಕ್ಕಕ್ಕಿಳಿದದ್ದು. ಆ ಗೆರೆಯಿಲ್ಲದೆ ಯಾವ ಯಂತ್ರವೂ ಉತ್ತರ ಹೇಳಲಾರದು.

ಚೌಕಾಬಾರದ ಕಥೆ ಇನ್ನೂ ಸೂಕ್ಷ್ಮ. ನಾಲ್ಕು ಕವಡೆ, ಎಲ್ಲ ಅಂಗಾತ ಬಿದ್ದರೆ 4, ಎಲ್ಲ ಬೋರಲು ಬಿದ್ದರೆ 8. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ, 16 ಸಾಧ್ಯತೆಗಳಲ್ಲಿ 2 ಬೀಳುವುದು 6 ಬಾರಿ, 1 ಮತ್ತು 3 ತಲಾ 4 ಬಾರಿ, 4 ಮತ್ತು 8 ತಲಾ ಒಂದೇ ಬಾರಿ. ಕಾಯಿ ಹಣ್ಣಾಗಲು ಸರಿಯಾದ ಗರವೇ ಬೀಳಬೇಕೆಂಬ ಮನೆಯಲ್ಲಿ, ಕೊನೆಗೆ 2 ಬೇಕಾದವರಿಗೂ 4 ಬೇಕಾದವರಿಗೂ ಆರು ಪಟ್ಟು ಅಂತರ. ನಿಜವಾದ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಆದ್ದರಿಂದ ಈ ಲೆಕ್ಕವೂ ಅಂದಾಜೇ. ನಿಮ್ಮ ಆಟದಲ್ಲಿ ಕವಡೆಯ ಬದಲು ಹುಣಸೆಬೀಜ ಹಿಡಿದರೂ ನಡೆಯುತ್ತದೆ ಅನ್ನುವ ಮುಂಚೆ ಅದನ್ನು ನೂರಾರು ಸಲ ಎಸೆದು ಬರೆದುಕೊಳ್ಳಿ. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಕೆಲವು ಮನೆಗಳಲ್ಲುಂಟು, ಕೆಲವುಗಳಲ್ಲಿಲ್ಲ. ಅದಿದ್ದರೆ ಯಾರೂ ಕಡಿಯಲಾಗದ ಕಟ್ಟೆ ಹಿಡಿದು ಕೂರುವವರಿಗೆ ಸೋಲು. ಇಲ್ಲದಿದ್ದರೆ ಅವರದೇ ಜಾಣತನ.

ಇನ್ನು ಸಮತೋಲ. ಮೊದಲು ಆಡುವವರಿಗೆ ಸಿಗುವ ಮೇಲುಗೈ ಹಳೆಯ ಸಮಸ್ಯೆ. ಗೋ ಆಟದಲ್ಲಿ ಕಪ್ಪು ಮೊದಲು ಆಡುತ್ತದೆ, ಪರಿಹಾರವಾಗಿ ಬಿಳಿಗೆ ಅಂಕ ಕೊಡುತ್ತಾರೆ. ಜಪಾನಿನಲ್ಲಿ ಐದೂವರೆ ಇದ್ದದ್ದನ್ನು 2002ರಲ್ಲಿ ಆರೂವರೆಗೆ ಏರಿಸಿದರು, ಏಕೆಂದರೆ ಫಲಿತಾಂಶಗಳು ಕಪ್ಪಿನ ಕಡೆಗೇ ವಾಲುತ್ತಿದ್ದವು. ಆ ಅರ್ಧ ಅಂಕ ಇರುವುದು ಆಟ ಸಮವಾಗಿ ಮುಗಿಯದಿರಲಿ ಎಂದು. ಹೆಕ್ಸ್ ಆಟದ ದಾರಿ ಬೇರೆ: ಒಬ್ಬರು ಮೊದಲ ಕಾಯಿ ಇಟ್ಟ ಮೇಲೆ, ಯಾವ ಪಕ್ಷ ಬೇಕೆಂದು ಇನ್ನೊಬ್ಬರು ಆರಿಸುತ್ತಾರೆ. ಒಬ್ಬಟ್ಟು ಮುರಿದವನು ಒಬ್ಬ, ಆರಿಸುವವನು ಇನ್ನೊಬ್ಬ ಅಂದಾಗ ತುಂಡುಗಳು ತಾವಾಗಿಯೇ ಸಮವಾಗುತ್ತವಲ್ಲ, ಹಾಗೆ.

ಅವಸರದ ತೀರ್ಮಾನವೂ ಅಪಾಯ. ಹತ್ತು ಆಟದಲ್ಲಿ ಹುಲಿ ಏಳು ಗೆದ್ದಿತೆಂದು ನಿಯಮ ಬದಲಿಸಬೇಡಿ. ಪೂರ್ತಿ ಸಮತೋಲದ ಆಟದಲ್ಲೂ ಹುಲಿ ಏಳು ಅಥವಾ ಹೆಚ್ಚು ಗೆಲ್ಲುವ ಸಂಭವ ಶೇಕಡಾ 17ರಷ್ಟಿದೆ. ಹೆಚ್ಚು ಆಡಿಸಿ, ಪಕ್ಷ ಅದಲುಬದಲು ಮಾಡಿಸಿ, ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ. ಎರಡು ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಸಮತೋಲವೇ ಎಲ್ಲವೂ ಅಲ್ಲ ಎಂಬುದನ್ನೂ ನೆನಪಿಡೋಣ. ಹಾವು-ಏಣಿಯಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಸಮಾನ ಅವಕಾಶ, ಆದರೆ ಆಡುವವರು ತೀರ್ಮಾನಿಸುವುದು ಏನೂ ಇಲ್ಲ. ಗೆಲುವನ್ನು ಸಮನಾಗಿ ಹಂಚುವ ಭರದಲ್ಲಿ ಯೋಚಿಸುವ ಕೆಲಸವನ್ನೇ ಕಿತ್ತುಕೊಳ್ಳಬಾರದು.

ಈ ಸಂಕಿರಣದಿಂದ ನನ್ನ ನಿರೀಕ್ಷೆ ಇಷ್ಟು. ಇಲ್ಲಿರುವ ಪ್ರತಿ ಆಟಕ್ಕೂ ನಾಳೆ ಸಂಜೆಯೊಳಗೆ ಒಂದು ಪುಟದ ಕನ್ನಡ ನಿಯಮಾವಳಿ ಸಿದ್ಧವಾಗಲಿ: ಆಟದ ಆರಂಭ, ಸರದಿಯಲ್ಲಿ ಮಾಡಬಹುದಾದದ್ದು, ಮಾಡಲೇಬೇಕಾದದ್ದು, ಮುಗಿಯುವ ಬಗೆ. ‘ಬಹುದು’ ಮತ್ತು ‘ಬೇಕು’ಗಳನ್ನು ಬೆರೆಸಬೇಡಿ. ಆ ಪುಟವನ್ನು ನಿಮ್ಮ ಆಟವನ್ನೇ ಕಾಣದವರ ಕೈಗೆ ಕೊಡಿ. ಅವರು ಆಡುವಾಗ ನೀವು ಪಕ್ಕದಲ್ಲಿ ಕೂತು, ಎಲ್ಲಿ ತಡವರಿಸಿದರು, ಎಲ್ಲಿ ವಾದಿಸಿದರು ಎಂದು ಗುರುತು ಹಾಕಿಕೊಳ್ಳಿ. ತಪ್ಪು ಆಡಿದರೂ ತಿದ್ದಬೇಡಿ, ತಿದ್ದಬೇಕಾದ್ದು ಪುಟವನ್ನು. ಮೇಜುಗಳು ಸಿದ್ಧವಾಗಿವೆ. ಮಧ್ಯಾಹ್ನದ ಅಧಿವೇಶನದಲ್ಲಿ ಆಟ ಕಟ್ಟಿದವರು ಬಾಯಿ ತೆರೆಯುವಂತಿಲ್ಲ ಎಂಬ ಒಂದೇ ನಿಯಮದೊಡನೆ ಈ ಸಂಕಿರಣ ಆರಂಭವಾಗಲಿ.